ಉದ್ಯಮಬಾಗದ ಕ್ಯಾಟಲಿಸ್ಟ್ ರಿಗ್: ಸ್ಟೀಲ್ ಕೆಲಸಕ್ಕೆ ಪೂರ್ಣ ಅಂಕ, ಟ್ರ್ಯಾಪ್‌ಗೆ ಇಲ್ಲ

ಬೆಳಗಾವಿಯ ಉದ್ಯಮಬಾಗದಲ್ಲಿ ಪಂಪು, ಹೈಡ್ರಾಲಿಕ್ ಸಿಲಿಂಡರು, ಎರಕದ ಬಿಡಿಭಾಗ ಮಾಡುವ ವರ್ಕ್‌ಶಾಪ್‌ಗಳು ಸಾಲುಸಾಲಾಗಿವೆ. ಅವುಗಳಲ್ಲಿ ಮಧ್ಯಮ ಗಾತ್ರದ ಒಂದು ವರ್ಕ್‌ಶಾಪ್‌, ಡ್ರಾಯಿಂಗ್ ಕೊಟ್ಟರೆ ಫಿಕ್ಸ್ಡ್ ಬೆಡ್ ರಿಯಾಕ್ಟರ್ ರಿಗ್ ಕಟ್ಟಿಕೊಡುತ್ತದೆ. ಕಾರ್ಬನ್ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಬೆರೆಸಿ, ಕಾದ ಕೊಳವೆಯೊಳಗಿನ ಕ್ಯಾಟಲಿಸ್ಟ್ ಬೆಡ್ (ರಿಯಾಕ್ಷನ್ ಚುರುಕಾಗಿಸುವ ಪುಡಿಯ ಪದರ) ಮೇಲೆ ಹಾಯಿಸಿ, ಮೀಥೇನ್, ಮೆಥನಾಲ್, ಪೆಟ್ರೋಲ್ ಅಂಶ ಯಾವುದು ಎಷ್ಟು ಬಂತು ಎಂದು ನೋಡುವ ಸಾಧನ ಇದು. ತೀರ್ಪು ಮೊದಲೇ ಹೇಳುತ್ತೇವೆ. ಕೊಟ್ಟ ದುಡ್ಡಿಗೆ ತಕ್ಕ ಮಾಲು, ಕಾಲೇಜು ಲ್ಯಾಬಿಗೂ ಡಿಸ್ಟಿಲರಿಗಳ ಸಂಶೋಧನಾ ವಿಭಾಗಕ್ಕೂ ಸಲ್ಲುವಂಥದ್ದು. ಆದರೆ ತಂದ ದಿನವೇ ಗ್ಯಾಸ್ ಜೋಡಿಸಿ ತೆಗೆದ ರೀಡಿಂಗ್ ಯಾವ ಕೆಲಸಕ್ಕೂ ಬಾರದು. ಕ್ಯಾಟಲಿಸ್ಟ್ ಡಿಸೈನ್ ಎಂದರೆ ಎಲ್ಲರ ಗಮನವೂ ಪುಡಿಯ ಮೇಲೆಯೇ ಇರುತ್ತದೆ. ಅದನ್ನು ಅಳೆಯುವ ಕೊಳವೆ, ವಾಲ್ವು, ಮೀಟರು ತಪ್ಪು ಲೆಕ್ಕ ಕೊಟ್ಟರೆ ಒಳ್ಳೆಯ ಪುಡಿ ಯಾವುದು, ಕೆಟ್ಟ ಪುಡಿ ಯಾವುದು ಎಂದು ತಿಳಿಯಲು ದಾರಿಯೇ ಇಲ್ಲ.

ಇಂಥ ರಿಗ್ ಈ ಭಾಗದಲ್ಲಿ ಏಕೆ ಬೇಕು ಎನ್ನುವವರಿಗೆ ಒಂದು ಲೆಕ್ಕ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಸಕ್ಕರೆ ಕಾರ್ಖಾನೆಗಳ ಜೊತೆ ಡಿಸ್ಟಿಲರಿಗಳಿವೆ. ಹುದುಗುವಿಕೆಯಲ್ಲಿ ಒಂದು ಲೀಟರ್ ಎಥನಾಲ್‌ಗೆ ಸುಮಾರು 0.75 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಹೊರಡುತ್ತದೆ. ದಿನಕ್ಕೆ 100 ಕಿಲೋಲೀಟರ್ ತೆಗೆಯುವ ಡಿಸ್ಟಿಲರಿಯಲ್ಲಿ ಅದು 75 ಟನ್. ವಿಜಯಪುರ ಜಿಲ್ಲೆಯ ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ ಹೊಗೆಯಲ್ಲಿ ಬಹುಪಾಲು ನೈಟ್ರೋಜನ್, ಜೊತೆಗೆ ಗಂಧಕದ ಆಕ್ಸೈಡ್. ಹುದುಗುವ ತೊಟ್ಟಿಯಿಂದ ಬರುವ ಗ್ಯಾಸು ಅದಕ್ಕೆ ಹೋಲಿಸಿದರೆ ಬಹುತೇಕ ಶುದ್ಧ. ಆ 75 ಟನ್ನನ್ನು ಪೆಟ್ರೋಲ್‌ನಂಥ ಹೈಡ್ರೋಕಾರ್ಬನ್ ಮಾಡಲು ಸುಮಾರು 10 ಟನ್ ಹೈಡ್ರೋಜನ್ ಬೇಕು, ಸಿಗುವುದು ಹೆಚ್ಚೆಂದರೆ 24 ಟನ್ ಸರಕು, ಉಳಿದದ್ದು ನೀರು. ನೀರನ್ನು ವಿದ್ಯುತ್ತಿನಿಂದ ಒಡೆದು ಅಷ್ಟು ಹೈಡ್ರೋಜನ್ ಮಾಡಲು ದಿನಕ್ಕೆ ಐದು ಲಕ್ಷ ಯುನಿಟ್‌ಗೂ ಮಿಕ್ಕಿ ಕರೆಂಟು ಖರ್ಚಾಗುತ್ತದೆ. ಹೀಗಾಗಿ ಕ್ಯಾಟಲಿಸ್ಟ್ ಒಂದು ಪಾಲು ಕಾರ್ಬನ್ನನ್ನು ಮೀಥೇನ್ ಕಡೆ ಜಾರಿಸಿದರೂ ನಷ್ಟ ಹೈಡ್ರೋಜನ್ ಲೆಕ್ಕದಲ್ಲಿ ಬೀಳುತ್ತದೆ. ಒಂದು ಕಾರ್ಬನ್ ಡೈಆಕ್ಸೈಡ್ ಅಣು ಮೀಥೇನ್ ಆಗಲು ನಾಲ್ಕು ಹೈಡ್ರೋಜನ್ ಅಣು ಬೇಕು, ಉದ್ದ ಕಾರ್ಬನ್ ಸರಪಳಿ ಸೇರಲು ಮೂರು ಸಾಕು. ಆ ಪಾಲನ್ನು ಸರಿಯಾಗಿ ಅಳೆಯುವುದೇ ರಿಗ್‌ನ ಕೆಲಸ.

ಕೈಗೆ ಬರುವುದು ಏನು? ಅರ್ಧ ಇಂಚು ಹೊರವ್ಯಾಸದ, 1.65 ಮಿ.ಮೀ. ದಪ್ಪದ 316ಎಲ್ ಸ್ಟೀಲ್ ಟ್ಯೂಬು, ಉದ್ದ 450 ಮಿ.ಮೀ., ಒಳವ್ಯಾಸ 9.4 ಮಿ.ಮೀ. ನಡುವೆ ಕೆಳಗಿನಿಂದ ಮೇಲಕ್ಕೆ ಹಾಯುವ 3.2 ಮಿ.ಮೀ. ಥರ್ಮೋವೆಲ್ (ಉಷ್ಣತೆ ಅಳೆಯುವ ತಂತಿಗೆ ಕವಚವಾದ ಸಣ್ಣ ಕೊಳವೆ), ಒಳಗೆ ಮೇಲೆ ಕೆಳಗೆ ಸರಿಸಬಹುದಾದ ಕೆ ಟೈಪ್ ಥರ್ಮೋಕಪಲ್. ಎರಡು ಹೋಳಾಗಿ ತೆರೆಯುವ, ಮೂರು ಜೋನ್‌ನ ಫರ್ನೇಸು. ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್, ನೈಟ್ರೋಜನ್‌ಗೆ ಒಂದೊಂದು ಮಾಸ್ ಫ್ಲೋ ಕಂಟ್ರೋಲರ್ (ಗ್ಯಾಸಿನ ಹರಿವು ಅಳೆದು ಹಿಡಿತದಲ್ಲಿಡುವ ಸಾಧನ) ಕೂಡಿಸುವ ಜಾಗ. ಕಂಟ್ರೋಲರ್‌ಗಳನ್ನು ಮಾತ್ರ ನೀವೇ ತಂದುಕೊಡಬೇಕು. ಹೊರಬರುವ ಮೇಣ, ನೀರು ಹಿಡಿದಿಡುವ ಬಿಸಿ ಟ್ರ್ಯಾಪ್, ತಣ್ಣನೆಯ ಟ್ರ್ಯಾಪ್, ಅದರಾಚೆ ಒಳಗಿನ ಒತ್ತಡ ಕಾಯುವ ಬ್ಯಾಕ್ ಪ್ರೆಷರ್ ರೆಗ್ಯುಲೇಟರ್, ಒಂದು ರಿಲೀಫ್ ವಾಲ್ವು, ಎಲ್ಲ ಕೂರಿಸಿದ ಆ್ಯಂಗಲ್ ಫ್ರೇಮು. ಡಿಸೈನ್ ಮಿತಿ 450 ಡಿಗ್ರಿ ಸೆಲ್ಸಿಯಸ್, 40 ಬಾರ್. ಬೆಲೆ ಸ್ಟೀಲ್ ದರದ ಮೇಲೆ ಏರಿಳಿಯುವುದರಿಂದ ಇಲ್ಲಿ ಅಂಕಿ ಕೊಡುವುದಿಲ್ಲ. ಒಟ್ಟು ಖರ್ಚಿನ ದೊಡ್ಡ ಪಾಲು ಫ್ಲೋ ಕಂಟ್ರೋಲರ್ ಮತ್ತು ಹೊರಬಂದ ಗ್ಯಾಸಿನಲ್ಲಿ ಯಾವುದು ಎಷ್ಟಿದೆ ಎಂದು ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ಗೆ ಹೋಗುತ್ತದೆಯೇ ಹೊರತು ವರ್ಕ್‌ಶಾಪ್ ಬಿಲ್ಲಿಗೆ ಅಲ್ಲ ಎಂಬುದನ್ನು ಬಜೆಟ್ ಹಾಕುವಾಗ ನೆನಪಿಡಿ.

ಸ್ಟೀಲ್ ಕೆಲಸ ನಿಜಕ್ಕೂ ಅಚ್ಚುಕಟ್ಟು. ಟಿಗ್ ವೆಲ್ಡಿಂಗ್ ಮಾಡುವಾಗ ಟ್ಯೂಬಿನ ಒಳಗಿನಿಂದಲೂ ಆರ್ಗಾನ್ ಹಾಯಿಸುತ್ತಾರೆ. ಇದನ್ನು ಮಾಡದಿದ್ದರೆ ಬೆಸುಗೆಯ ಒಳಮೈ ಕಪ್ಪಗೆ, ಸಕ್ಕರೆ ಹರಳಿನಂತೆ ಒರಟಾಗಿ ಸುಡುತ್ತದೆ. ಅಲ್ಲಿಂದ ಉದುರುವ ಕಣಗಳು ಬೆಡ್ ಸೇರುತ್ತವೆ, ಆ ಒರಟು ಮೈಯೇ ಅನಗತ್ಯ ರಿಯಾಕ್ಷನ್‌ಗೆ ತಾಣವಾಗುತ್ತದೆ. ಟಾರ್ಚ್ ಹಾಕಿ ಒಳಗೆ ನೋಡಿದರೆ ಬೆಸುಗೆಯ ಸಾಲು ಬೆಳ್ಳಗೆ, ಹೆಚ್ಚೆಂದರೆ ತಿಳಿ ಹೊಂಬಣ್ಣಕ್ಕೆ ಇರಬೇಕು; ಇಲ್ಲಿ ಹಾಗೇ ಇದೆ. ಒತ್ತಡದ ಭಯವೂ ಬೇಡ. 40 ಬಾರ್‌ನಲ್ಲಿ ಟ್ಯೂಬಿನ ಗೋಡೆ ಹೊರುವ ಎಳೆತ ಸುಮಾರು 11 ಮೆಗಾಪಾಸ್ಕಲ್ ಮಾತ್ರ, 450 ಡಿಗ್ರಿಯಲ್ಲೂ ಈ ಸ್ಟೀಲು ತಡೆಯುವುದರ ಕಾಲುಭಾಗವೂ ಆಗದು. 60 ಬಾರ್‌ಗೆ ನೀರಿನ ಹೈಡ್ರೋ ಟೆಸ್ಟ್ ಮಾಡಿ ತೋರಿಸುತ್ತಾರೆ, ಎದುರು ನಿಂತು ನೋಡಿ. ಫರ್ನೇಸಿನ ನಡುಭಾಗದಲ್ಲಿ 80 ಮಿ.ಮೀ. ಉದ್ದಕ್ಕೆ ಉಷ್ಣತೆ 2 ಡಿಗ್ರಿಗಿಂತ ಹೆಚ್ಚು ಏರುಪೇರಾಗುವುದಿಲ್ಲ. ಈ ದರ್ಜೆಯ ಫರ್ನೇಸಿಗೆ ಇದು ಮೆಚ್ಚತಕ್ಕ ಮಾತು.

ಕ್ಯಾಟಲಿಸ್ಟ್ ತುಂಬುವವರು ಒಂದು ಅಳತೆ ಗಮನಿಸಬೇಕು. ಥರ್ಮೋವೆಲ್ ನಡುವೆ ಇರುವುದರಿಂದ ಪುಡಿಗೆ ಸಿಗುವುದು ಸುತ್ತಲಿನ 3.1 ಮಿ.ಮೀ. ಸಂದು ಮಾತ್ರ. ಎಲ್ಲರೂ ರೂಢಿಯಂತೆ 40ರಿಂದ 60 ಮೆಶ್ (ಇಂಚಿಗೆ ಅಷ್ಟು ಕಣ್ಣುಗಳ) ಜರಡಿ ಹಿಡಿಯುತ್ತಾರೆ. ಆ ಕಣ 0.25ರಿಂದ 0.42 ಮಿ.ಮೀ., ಅಂದರೆ ಸಂದಿನಲ್ಲಿ ಅಡ್ಡಡ್ಡ ಒಂಬತ್ತು ಕಣ ಹಿಡಿಯುವುದೇ ಹೆಚ್ಚು. ಹತ್ತಕ್ಕಿಂತ ಕಡಿಮೆಯಾದರೆ ಗ್ಯಾಸು ಗೋಡೆಗುಂಟ ನುಸುಳಿ ಕ್ಯಾಟಲಿಸ್ಟ್ ಮುಟ್ಟದೆ ಹೋಗುತ್ತದೆ. ಈ ರಿಗ್‌ಗೆ 60ರಿಂದ 80 ಮೆಶ್ ಸರಿ. ಅರ್ಧ ಗ್ರಾಂ ಕ್ಯಾಟಲಿಸ್ಟ್‌ಗೆ ಅದೇ ಗಾತ್ರದ, ರಿಯಾಕ್ಷನ್‌ಗೆ ಸೇರದ ಸಿಲಿಕಾನ್ ಕಾರ್ಬೈಡ್ ಬೆರೆಸಿ ಒಟ್ಟು 4 ಮಿ.ಲೀ. ಮಾಡಿದರೆ ಬೆಡ್ಡು ಸುಮಾರು 65 ಮಿ.ಮೀ. ಎತ್ತರ ನಿಂತು ಉಷ್ಣತೆ ಸಮನಾಗಿರುವ ಭಾಗದೊಳಗೇ ಕೂರುತ್ತದೆ. ಮೇಲೂ ಕೆಳಗೂ ಕ್ವಾರ್ಟ್ಜ್ ಉಲ್ಲನ್. ಗಾಜಿನ ಉಲ್ಲನ್ ಬೇಡ, 450 ಡಿಗ್ರಿಯ ಹತ್ತಿರ ಅದು ಮೆತ್ತಗಾಗಿ ಕುಸಿಯುತ್ತದೆ.

ಇನ್ನು ತೊಂದರೆಗಳು. ಮೊದಲನೆಯದು ಥ್ರೆಡ್. ಉದ್ಯಮಬಾಗದ ಕೈಗಳಿಗೆ ಹೈಡ್ರಾಲಿಕ್ಸ್‌ನ ರೂಢಿ. ಅಲ್ಲಿ ಬ್ರಿಟಿಷ್ ಮಾದರಿಯ ಬಿಎಸ್‌ಪಿ ಥ್ರೆಡ್ಡೇ ನಡೆಯುತ್ತದೆ. ಗ್ಯಾಸ್ ಲೈನಿನ ಡಬಲ್ ಫೆರೂಲ್ ಫಿಟ್ಟಿಂಗ್‌ಗಳು ಹೆಚ್ಚಾಗಿ ಅಮೆರಿಕನ್ ಮಾದರಿಯ ಎನ್‌ಪಿಟಿ. ಕಾಲು ಇಂಚಿನಲ್ಲಿ ಬಿಎಸ್‌ಪಿಗೆ ಇಂಚಿಗೆ 19 ಹಲ್ಲು, ಎನ್‌ಪಿಟಿಗೆ 18, ಹಾಗಾಗಿ ಎರಡು ಸುತ್ತಿಗೇ ಸಿಕ್ಕಿಬಿದ್ದು ತಪ್ಪು ಗೊತ್ತಾಗುತ್ತದೆ. ಅರ್ಧ ಇಂಚಿನಲ್ಲಿ ಎರಡಕ್ಕೂ 14 ಹಲ್ಲು, ಕೋನ ಮಾತ್ರ ಬಿಎಸ್‌ಪಿಗೆ 55 ಡಿಗ್ರಿ, ಎನ್‌ಪಿಟಿಗೆ 60. ಆದ್ದರಿಂದ ಟೆಫ್ಲಾನ್ ಟೇಪು ಸುತ್ತಿ ಬಿಗಿದರೆ ಕೂತಂತೆಯೇ ಕಾಣುತ್ತದೆ, ನೀರಿನ ಟೆಸ್ಟಿನಲ್ಲೂ ಪಾಸಾಗುತ್ತದೆ, ಹೈಡ್ರೋಜನ್ ಮಾತ್ರ ಹಲ್ಲಿನ ಸಂದಿಯಲ್ಲಿ ಸೋರುತ್ತಲೇ ಇರುತ್ತದೆ. “ಸರ್, ಎನ್‌ಪಿಟಿ ಹಾಕ್ಲೋ, ಬಿಎಸ್‌ಪಿ ಹಾಕ್ಲೋ?” ಎಂದು ಲೇಥಿನವರು ಕೇಳಿದರೆ ಒಳ್ಳೆಯದು. ಕೇಳದಿದ್ದರೆ ಎಂದು ಡ್ರಾಯಿಂಗ್‌ನಲ್ಲಿ ಪ್ರತಿ ರಂಧ್ರದ ಪಕ್ಕ ಬರೆದೇ ಕೊಡಿ. ಸೋರಿಕೆ ನೋಡಲು ನೈಟ್ರೋಜನ್ 30 ಬಾರ್ ತುಂಬಿ, ಎರಡೂ ಕಡೆ ಮುಚ್ಚಿ, ಕೋಣೆಯ ಉಷ್ಣತೆ ಬದಲಾಗದ ಹೊತ್ತಿನಲ್ಲಿ ಗೇಜ್ ನೋಡಿ. ಗಂಟೆಗೆ 0.1 ಬಾರ್‌ಗಿಂತ ಹೆಚ್ಚು ಇಳಿದರೆ ಮುಂದಕ್ಕೆ ಹೋಗಬೇಡಿ. ಆಮೇಲೆ ಹೈಡ್ರೋಜನ್ ತುಂಬಿ ಡಿಟೆಕ್ಟರ್ ಹಿಡಿದು ಪ್ರತಿ ಜೋಡಣೆ ಸುತ್ತಬೇಕು.

ಎರಡನೆಯದು ಕಣ್ಣಿಗೆ ಬೀಳದ್ದು: ಕಟಿಂಗ್ ಆಯಿಲ್. ಸ್ಟೇನ್‌ಲೆಸ್ ಕೊರೆಯುವಾಗ ಹಾಕುವ ಎಣ್ಣೆಗಳಲ್ಲಿ ಹಲವಕ್ಕೆ ಗಂಧಕ, ಕ್ಲೋರಿನ್ ಬೆರೆತಿರುತ್ತದೆ. ತಾಮ್ರದ ಕ್ಯಾಟಲಿಸ್ಟ್‌ಗೆ ಇವೆರಡೂ ವಿಷ. ಗಂಧಕ ಮೇಲ್ಮೈಯನ್ನು ಮುಚ್ಚುತ್ತದೆ, ಕ್ಲೋರಿನ್ ತಾಮ್ರದ ಕಣಗಳು ಒಂದಕ್ಕೊಂದು ಕೂಡಿ ದಪ್ಪಗಾಗುವಂತೆ ಮಾಡುತ್ತದೆ. ಹೊಸ ರಿಗ್‌ನಲ್ಲಿ ಮೊದಲ ಬ್ಯಾಚ್ ಸಪ್ಪೆಯಾಗಿ, ಅದೇ ಪುಡಿ ಮೂರನೇ ಸಲ ಚೆನ್ನಾಗಿ ನಡೆದರೆ ಎಣ್ಣೆಯನ್ನೇ ಸಂಶಯಿಸಬೇಕು. ಬಿಸಿ ಸೋಪಿನ ನೀರು, ಆಮೇಲೆ ಅಸಿಟೋನ್, ಆಮೇಲೆ ನೈಟ್ರೋಜನ್ ಹಾಯಿಸುತ್ತ 400 ಡಿಗ್ರಿಯಲ್ಲಿ ಒಂದು ರಾತ್ರಿ. ಥರ್ಮೋವೆಲ್ ಬುಡ ಮತ್ತು ವಾಲ್ವುಗಳ ಒಳಗೆ ಎಣ್ಣೆ ಅಡಗಿ ಕೂರುತ್ತದೆ, ವಾಲ್ವು ಬಿಚ್ಚಿಯೇ ತೊಳೆಯಬೇಕು. ಗಂಧಕವಿಲ್ಲದ ಎಣ್ಣೆ ಬಳಸಿ ಎಂದು ಆರ್ಡರ್ ಹೊತ್ತಿಗೇ ಹೇಳಿದರೆ ವರ್ಕ್‌ಶಾಪ್‌ನವರು ಒಪ್ಪುತ್ತಾರೆ.

ಮೂರನೆಯದು ಈ ರಿಗ್‌ನ ದೊಡ್ಡ ದೋಷ, ಟ್ರ್ಯಾಪ್‌ಗಳ ಗಾತ್ರ. ಬಿಸಿಯದೂ ತಣ್ಣನೆಯದೂ ತಲಾ 150 ಮಿ.ಲೀ. ಹಿಡಿಯುತ್ತವೆ. ದೊಡ್ಡದಿದ್ದರೆ ಪದೇಪದೇ ಖಾಲಿ ಮಾಡುವ ಕೆಲಸ ತಪ್ಪುತ್ತದೆ ಎಂಬ ಒಳ್ಳೆಯ ಉದ್ದೇಶದಿಂದ ಹೀಗೆ ಮಾಡಿದ್ದಾರೆ. ಆದರೆ ಲೆಕ್ಕ ಹಾಕಿ ನೋಡಿ. ಎರಡೂ ಸೇರಿ 300 ಮಿ.ಲೀ., ಒತ್ತಡ 30 ಬಾರ್, ಅಂದರೆ ಸಾಮಾನ್ಯ ಒತ್ತಡದ ಲೆಕ್ಕದಲ್ಲಿ ಸುಮಾರು 9,000 ಮಿ.ಲೀ. ಗ್ಯಾಸು ಅಲ್ಲಿ ನಿಂತಿರುತ್ತದೆ. ನಿಮಿಷಕ್ಕೆ 50 ಮಿ.ಲೀ. ಹರಿವಿನಲ್ಲಿ ಅದು ಒಮ್ಮೆ ಬದಲಾಗಲು ಮೂರು ಗಂಟೆ. ಬೆಡ್‌ನಲ್ಲಿ ಉಷ್ಣತೆ 20 ಡಿಗ್ರಿ ಏರಿಸಿ ಅರ್ಧ ಗಂಟೆಗೆ ಸ್ಯಾಂಪಲ್ ತೆಗೆದರೆ ಕ್ರೊಮ್ಯಾಟೋಗ್ರಾಫ್ ತೋರಿಸುವುದು ಹಳೇ ಉಷ್ಣತೆಯ ಫಲಿತಾಂಶವನ್ನು. ಗ್ಯಾಸು ಒಂದೇ ಸಾಲಿನಲ್ಲಿ ಸರಿಯದೆ ಟ್ರ್ಯಾಪ್‌ನೊಳಗೆ ಕಲಸಿಕೊಳ್ಳುವುದರಿಂದ ಪೂರ್ತಿ ತೊಳೆದು ಹೋಗಲು ಇನ್ನೂ ಎರಡು ಮೂರು ಪಟ್ಟು ಹೊತ್ತು ಬೇಕು. ಹೀಗಾದಾಗ ಉಷ್ಣತೆ ಬದಲಾದರೂ ಕ್ಯಾಟಲಿಸ್ಟ್ ಗುಣ ಬದಲಾಗಲಿಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುವುದು ಬಹಳ ಸುಲಭ. ತಲಾ 35 ಮಿ.ಲೀ.ದ ಟ್ರ್ಯಾಪ್ ಮಾಡಿಸಿ. ಅದೇ ಲೆಕ್ಕ 42 ನಿಮಿಷಕ್ಕೆ ಇಳಿಯುತ್ತದೆ. ಇಷ್ಟು ಸಣ್ಣ ಬೆಡ್ಡಿಗೆ ಅದಕ್ಕಿಂತ ದೊಡ್ಡದು ಬೇಕಾಗಿಯೇ ಇಲ್ಲ. ಹಳೆಯ ಟ್ರ್ಯಾಪ್ ಬದಲಾಯಿಸಲಾಗದವರು ಒಳಗೆ ಸ್ಟೀಲ್ ಸರಳಿನ ತುಂಡು ಇಟ್ಟು ಜಾಗ ತುಂಬಬಹುದು.

ರೆಗ್ಯುಲೇಟರನ್ನು ತಣ್ಣನೆಯ ಟ್ರ್ಯಾಪ್‌ನ ಆಚೆ ಇಟ್ಟದ್ದು ಮಾತ್ರ ಸರಿಯಾದ ನಿರ್ಧಾರ. ಕಬ್ಬಿಣದ ಕ್ಯಾಟಲಿಸ್ಟ್ ಹಾಕಿದಾಗ ಬರುವ ಮೇಣ ರೆಗ್ಯುಲೇಟರ್ ಸೂಜಿಗೆ ಅಂಟಿದರೆ ಒತ್ತಡ ಜಿಗಿಯುತ್ತದೆ. ಬಿಸಿ ಟ್ರ್ಯಾಪ್ 150ರಿಂದ 180 ಡಿಗ್ರಿ, ತಣ್ಣನೆಯದು 2ರಿಂದ 5 ಡಿಗ್ರಿ ಇರಲಿ; ಸೊನ್ನೆಗಿಂತ ಕೆಳಗಿಳಿಸಿದರೆ ರಿಯಾಕ್ಷನ್‌ನಲ್ಲಿ ಹುಟ್ಟಿದ ನೀರು ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ರಿಯಾಕ್ಟರ್‌ನಿಂದ ಬಿಸಿ ಟ್ರ್ಯಾಪ್‌ವರೆಗಿನ ಕೊಳವೆಗೆ ಸುತ್ತಿದ ಹೀಟಿಂಗ್ ಟೇಪು ಒಂದು ಗೇಣು ಕಡಿಮೆ ಬಿದ್ದಿದೆ. ಮೇಣ ಕಟ್ಟುವುದು ಸರಿಯಾಗಿ ಅಲ್ಲಿಯೇ.

ಹರಿವಿನ ಅಳತೆಯಲ್ಲಿ ಬೆಳಗಾವಿಯದೇ ಒಂದು ವಿಶೇಷವಿದೆ, ಅದು ಯಾವ ಮ್ಯಾನುಯಲ್‌ನಲ್ಲೂ ಸಿಗದು. ಊರು ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ 92ರಿಂದ 93 ಕಿಲೋಪಾಸ್ಕಲ್. ಸೋಪಿನ ಗುಳ್ಳೆಯ ಮೀಟರಿನಲ್ಲಿ (ಗುಳ್ಳೆ ಏರುವ ವೇಗದಿಂದ ಹರಿವು ಅಳೆಯುವ ಗಾಜಿನ ಕೊಳವೆ) ನಿಮಿಷಕ್ಕೆ 50 ಮಿ.ಲೀ. ಎಂದು ಓದಿದ್ದು, 25 ಡಿಗ್ರಿ ಕೋಣೆಯಲ್ಲಿ, 0 ಡಿಗ್ರಿ ಮತ್ತು 101.3 ಕಿಲೋಪಾಸ್ಕಲ್‌ಗೆ ಪರಿವರ್ತಿಸಿದರೆ 42 ಆಗುತ್ತದೆ. ಗುಳ್ಳೆಯೊಳಗಿನ ನೀರಾವಿ ಕಳೆದರೆ 40ರ ಆಸುಪಾಸು. ಐದನೇ ಒಂದು ಭಾಗ ವ್ಯತ್ಯಾಸ. ಫ್ಲೋ ಕಂಟ್ರೋಲರ್ ಅಳೆಯುವುದು ದ್ರವ್ಯರಾಶಿಯನ್ನು, ಅದಕ್ಕೆ ಎತ್ತರ ಬಾಧಿಸುವುದಿಲ್ಲ. ತಪ್ಪು ಬರುವುದು ಅದನ್ನು ಗುಳ್ಳೆ ಮೀಟರಿಗೆ ಹೊಂದಿಸುವಾಗ. ಕಂಟ್ರೋಲರ್‌ನ ಮೇಲೆ ಬರೆದ ಸ್ಟ್ಯಾಂಡರ್ಡ್ 0 ಡಿಗ್ರಿಯದೋ 20ರದೋ 25ರದೋ ನೋಡಿಕೊಳ್ಳಿ, ಕಂಪನಿಯಿಂದ ಕಂಪನಿಗೆ ಬೇರೆ. ನೈಟ್ರೋಜನ್‌ಗೆ ಕ್ಯಾಲಿಬ್ರೇಟ್ ಮಾಡಿದ್ದರಲ್ಲಿ ಕಾರ್ಬನ್ ಡೈಆಕ್ಸೈಡ್ ಹಾಯಿಸಿದರೆ ನಿಜವಾದ ಹರಿವು ತೋರಿಸಿದ್ದರ ಸುಮಾರು 0.7 ಪಟ್ಟು ಮಾತ್ರ. ಒಳಗಿನ ಸೀಲು ವೈಟಾನ್ ರಬ್ಬರಿನದಿದ್ದರೆ ಒತ್ತಡದ ಕಾರ್ಬನ್ ಡೈಆಕ್ಸೈಡ್ ಹೀರಿ ಉಬ್ಬುತ್ತದೆ, ಒತ್ತಡ ಥಟ್ಟನೆ ಬಿಟ್ಟರೆ ಒಳಗಿನಿಂದ ಬಿರಿಯುತ್ತದೆ. ಇಪಿಡಿಎಂ ರಬ್ಬರಿನ ಅಥವಾ ಲೋಹದ ಸೀಲು ಕೇಳಿ.

ನೈಟ್ರೋಜನ್ ಲೈನು ಏಕೆ ಎಂದು ಹೊಸಬರು ಕೇಳುತ್ತಾರೆ, ದುಡ್ಡು ಉಳಿಸಲು ಅದನ್ನೇ ಕೈಬಿಡುತ್ತಾರೆ. ಕೈಬಿಡಲೇಬೇಡಿ. ಮೀಥೇನ್ ರಿಯಾಕ್ಷನ್‌ನಲ್ಲಿ ಒಂದು ಪಾಲು ಕಾರ್ಬನ್ ಡೈಆಕ್ಸೈಡ್, ನಾಲ್ಕು ಪಾಲು ಹೈಡ್ರೋಜನ್ ಒಳಗೆ ಹೋಗುತ್ತವೆ. ಅರ್ಧ ರಿಯಾಕ್ಷನ್ ಆಯಿತೆನ್ನಿ. ನೀರು ಟ್ರ್ಯಾಪ್‌ನಲ್ಲಿ ಇಳಿದ ಮೇಲೆ ಹೊರಗೆ ಬರುವುದು ಅರ್ಧ ಪಾಲು ಕಾರ್ಬನ್ ಡೈಆಕ್ಸೈಡ್, ಎರಡು ಪಾಲು ಹೈಡ್ರೋಜನ್, ಅರ್ಧ ಪಾಲು ಮೀಥೇನ್, ಒಟ್ಟು ಮೂರೇ ಪಾಲು. ಕಾರ್ಬನ್ ಡೈಆಕ್ಸೈಡ್ ಪ್ರಮಾಣ ಶೇ 20ರಿಂದ ಶೇ 16.7ಕ್ಕೆ ಇಳಿದಿದೆ ಅಷ್ಟೇ. ಶೇಕಡಾವಾರು ನೋಡಿ ಲೆಕ್ಕ ಹಾಕಿದವರು ಪರಿವರ್ತನೆ (ರಿಯಾಕ್ಷನ್ ಆದ ಪಾಲು) ಶೇ 17 ಎಂದು ಬರೆಯುತ್ತಾರೆ. ನಿಜದಲ್ಲಿ ಆದದ್ದು ಶೇ 50. ನೈಟ್ರೋಜನ್ ರಿಯಾಕ್ಷನ್‌ನಲ್ಲಿ ಭಾಗವಹಿಸುವುದಿಲ್ಲ, ಹೋದಷ್ಟೇ ಹೊರಬರುತ್ತದೆ. ಆದ್ದರಿಂದ ಕ್ರೊಮ್ಯಾಟೋಗ್ರಾಫ್ ಬಿಡಿಸುವ ಗ್ರಾಫಿನ ಕಾರ್ಬನ್ ಡೈಆಕ್ಸೈಡ್ ಪೀಕನ್ನು ನೈಟ್ರೋಜನ್ ಪೀಕಿನಿಂದ ಭಾಗಿಸಿ, ಒಳಗಿನ ಅನುಪಾತಕ್ಕೆ ಹೋಲಿಸಿದರೆ ಸರಿಯುತ್ತರ. ಶೇ 5ರಷ್ಟು ನೈಟ್ರೋಜನ್ ಸಾಕು. ಎಲ್ಲ ಉತ್ಪನ್ನಗಳ ಕಾರ್ಬನ್ ಕೂಡಿಸಿದಾಗ ಒಳಗೆ ಹೋದದ್ದರ ಶೇ 95ರಿಂದ 105ರೊಳಗೆ ಬರಬೇಕು. ಬಾರದಿದ್ದ ದಿನದ ಅಂಕಿಯನ್ನು ಗ್ರಾಫಿನಲ್ಲಿ ಹಾಕಬಾರದು, ಅದು ಎಷ್ಟೇ ಚೆಂದ ಕಂಡರೂ. ಕ್ರೊಮ್ಯಾಟೋಗ್ರಾಫ್‌ನಲ್ಲಿ ಹೈಡ್ರೋಜನ್ ಕಾಣಬೇಕಾದರೆ ಸ್ಯಾಂಪಲ್ ಹೊತ್ತೊಯ್ಯುವ ಕ್ಯಾರಿಯರ್ ಗ್ಯಾಸು ಆರ್ಗಾನ್ ಇರಲಿ, ಸಣ್ಣ ಅಣುಗಳನ್ನು ಬೇರ್ಪಡಿಸುವ ಮಾಲಿಕ್ಯುಲರ್ ಸೀವ್ ಕಾಲಮ್‌ಗೆ ಕಾರ್ಬನ್ ಡೈಆಕ್ಸೈಡ್ ಹೋಗದಂತೆ ವಾಲ್ವು ತಿರುಗಿಸಬೇಕು. ಹೋದರೆ ಅಲ್ಲೇ ಹಿಡಿದು ಕೂತು ದಿನೇದಿನೇ ಕಾಲಮ್ ಮಂಕಾಗುತ್ತದೆ.

ಸ್ಟೀಲ್ ಗೋಡೆಯೂ ಸುಮ್ಮನಿರುವುದಿಲ್ಲ. 316ರಲ್ಲಿ ಶೇ 10ರಿಂದ 14ರಷ್ಟು ನಿಕಲ್, ಉಳಿದದ್ದರಲ್ಲಿ ಕಬ್ಬಿಣವೇ ಹೆಚ್ಚು, ಎರಡೂ ಈ ರಿಯಾಕ್ಷನ್‌ಗೆ ಕ್ಯಾಟಲಿಸ್ಟ್‌ಗಳೇ. 350 ಡಿಗ್ರಿ ದಾಟಿದಂತೆ ಖಾಲಿ ಟ್ಯೂಬೇ ಕಾರ್ಬನ್ ಮಾನಾಕ್ಸೈಡ್, ಮೀಥೇನ್ ಕೊಡಲು ಶುರು ಮಾಡುತ್ತದೆ. ಸಿಲಿಕಾನ್ ಕಾರ್ಬೈಡ್ ಮಾತ್ರ ತುಂಬಿ, ನೀವು ಕೆಲಸ ಮಾಡುವ ಎಲ್ಲ ಉಷ್ಣತೆಗಳಲ್ಲಿ ಒಂದು ಬ್ಲ್ಯಾಂಕ್ ರನ್ ಮಾಡಿ. ಅದರ ಪರಿವರ್ತನೆ ನಿಮ್ಮ ಕ್ಯಾಟಲಿಸ್ಟ್‌ನದರ ಇಪ್ಪತ್ತನೇ ಒಂದು ಭಾಗ ಮೀರಿದರೆ ಒಳಗೆ ಕ್ವಾರ್ಟ್ಜ್ ಲೈನರ್ ಕೂರಿಸಬೇಕು. ಲೈನರ್ ಮತ್ತು ಗೋಡೆಯ ನಡುವೆ ಗ್ಯಾಸು ನುಸುಳದಂತೆ ಕೆಳಗೆ ಗ್ರ್ಯಾಫೈಟ್ ಉಂಗುರ ಇಡಲು ಮರೆಯಬೇಡಿ. ಬ್ಲ್ಯಾಂಕ್ ಒಮ್ಮೆ ಮಾಡಿದರೆ ಮುಗಿಯಿತು ಎಂದುಕೊಳ್ಳುವುದೂ ತಪ್ಪು. ಹತ್ತಾರು ಸಲ ಆಕ್ಸಿಡೇಷನ್, ರಿಡಕ್ಷನ್ ಕಂಡ ಟ್ಯೂಬಿನ ಒಳಮೈ ಹೊಸದರಂತೆ ಇರುವುದಿಲ್ಲ.

ಯಾವ ಕ್ಯಾಟಲಿಸ್ಟ್‌ಗೆ ಈ ರಿಗ್ ಒಪ್ಪುತ್ತದೆ? ನಿಕಲ್‌ಗೆ ಪೂರ್ತಿ. ಫ್ರಾನ್ಸ್‌ನ ರಸಾಯನ ವಿಜ್ಞಾನಿಗಳಾದ ಸಬಾತಿಯೆ ಮತ್ತು ಸೆಂಡೆರೆನ್ಸ್ 1902ರಲ್ಲೇ ನಿಕಲ್ ಮೇಲೆ ಮೀಥೇನ್ ಮಾಡಿ ತೋರಿಸಿದ್ದರು, 300ರಿಂದ 350 ಡಿಗ್ರಿಯಲ್ಲಿ ಸಾಧಾರಣ ಒತ್ತಡದಲ್ಲೇ ನಡೆಯುತ್ತದೆ. ಪ್ರತಿ ಮೋಲ್‌ಗೆ 165 ಕಿಲೋಜೂಲ್ ಶಾಖ ಹೊರಡುವುದರಿಂದ ಒಂದಕ್ಕೆ ಎಂಟು ಹತ್ತು ಪಟ್ಟು ಸಿಲಿಕಾನ್ ಕಾರ್ಬೈಡ್ ಬೆರೆಸಲೇಬೇಕು. ಥರ್ಮೋಕಪಲ್ ಮೇಲೆ ಕೆಳಗೆ ಸರಿಸಿ ನೋಡಿದರೆ ಬೆಡ್ಡಿನ ತಲೆಭಾಗದಲ್ಲಿ ಏರಿದ ಬಿಸಿ ಕಾಣುತ್ತದೆ. ಅದು 5 ಡಿಗ್ರಿ ಮೀರಿದರೆ ಇನ್ನಷ್ಟು ಬೆರೆಸಿ. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಲ್ಲಿ ಅಲ್ಯೂಮಿನಾ ತಯಾರಾಗುವುದರಿಂದ ಸಪೋರ್ಟ್‌ಗೆ (ಲೋಹದ ಕಣಗಳನ್ನು ಹೊರುವ ಪುಡಿಗೆ) ಊರಿನ ಅಲ್ಯೂಮಿನಾ ಸಾಲದೇ ಎಂಬ ಪ್ರಶ್ನೆ ಬರುತ್ತದೆ. ಸೆರಾಮಿಕ್, ರಿಫ್ರ್ಯಾಕ್ಟರಿಗಳಿಗೆ ಹೋಗುವ ಕ್ಯಾಲ್ಸಿನ್ಡ್ ಅಲ್ಯೂಮಿನಾ ಹೆಚ್ಚು ಬೆಂದ ಆಲ್ಫಾ ರೂಪದ್ದು, ಗ್ರಾಂಗೆ ಹತ್ತು ಚದರ ಮೀಟರ್ ಮೇಲ್ಮೈಯೂ ಇರುವುದಿಲ್ಲ. ಲೋಹದ ಸಣ್ಣ ಕಣಗಳನ್ನು ಹರಡಲು ಗ್ರಾಂಗೆ 150ರಿಂದ 250 ಚದರ ಮೀಟರ್ ಇರುವ ಗಾಮಾ ರೂಪವೇ ಬೇಕು.

ತಾಮ್ರ, ಸತು, ಅಲ್ಯೂಮಿನಾದ ಮೆಥನಾಲ್ ಕ್ಯಾಟಲಿಸ್ಟ್‌ಗೆ ಈ ರಿಗ್ ಅರ್ಧಂಬರ್ಧ. ಕಾರ್ಖಾನೆಗಳಲ್ಲಿ ಅದು 50ರಿಂದ 100 ಬಾರ್‌ನಲ್ಲಿ ನಡೆಯುತ್ತದೆ. ಇಲ್ಲಿಯ 40 ಬಾರ್ ಮಿತಿಯಲ್ಲಿ ಸಮತೋಲನವೇ (ರಿಯಾಕ್ಷನ್ ಮುಟ್ಟಬಹುದಾದ ಗರಿಷ್ಠ ಮಟ್ಟ) ಕೆಳಗಿರುವುದರಿಂದ ಒಂದು ಪುಡಿಯನ್ನು ಇನ್ನೊಂದರ ಜೊತೆ ಹೋಲಿಸಬಹುದು, ಇಳುವರಿ ಹೇಳಿಕೊಳ್ಳಲಾಗದು. ತಯಾರಿಯ ಗುಟ್ಟು ದ್ರಾವಣದಿಂದ ಗಸಿ ಇಳಿಸುವ ಪ್ರೆಸಿಪಿಟೇಷನ್‌ನಲ್ಲಿದೆ. ನೈಟ್ರೇಟ್‌ಗಳನ್ನು ತಾಮ್ರ 6, ಸತು 3, ಅಲ್ಯೂಮಿನಿಯಂ 1 ಮೋಲ್ ಅನುಪಾತದಲ್ಲಿ ಬೆರೆಸಿದ 1 ಮೋಲಾರ್ ದ್ರಾವಣ, ಅಷ್ಟೇ ಗಟ್ಟಿಯ ಸೋಡಿಯಂ ಕಾರ್ಬೊನೇಟ್ ದ್ರಾವಣ, ಎರಡನ್ನೂ 65ರಿಂದ 70 ಡಿಗ್ರಿ ನೀರಿಗೆ ಒಟ್ಟಿಗೇ ಹನಿಸುತ್ತ ಪಿಎಚ್ 6.5ರಿಂದ 7ರೊಳಗೆ ಹಿಡಿಯಬೇಕು. ಆಮೇಲೆ ಕದಡುತ್ತ ಬಿಟ್ಟರೆ ಒಂದು ಹಂತದಲ್ಲಿ ನೀಲಿ ಗಸಿ ಹಸಿರಿಗೆ ತಿರುಗುತ್ತದೆ, ಪಿಎಚ್ ಒಮ್ಮೆ ಕೆಳಗೆ ಬಾಗುತ್ತದೆ. ಸತು ಸೇರಿದ ಮ್ಯಾಲಕೈಟ್ (ತಾಮ್ರದ ಕಾರ್ಬೊನೇಟ್) ಹರಳು ಕಟ್ಟಿದ ಗುರುತು ಅದು, ಅದಕ್ಕೆ ಮೊದಲೇ ಸೋಸಿದವರ ಕ್ಯಾಟಲಿಸ್ಟ್ ಮೇಲೇಳುವುದಿಲ್ಲ. ಸೋಡಿಯಂ ಹೋಗುವವರೆಗೂ ಬಿಸಿ ನೀರಲ್ಲಿ ತೊಳೆದು, 110 ಡಿಗ್ರಿಯಲ್ಲಿ ಒಣಗಿಸಿ, 300ರಿಂದ 350ರಲ್ಲಿ ಸುಡಬೇಕು. ರಿಡಕ್ಷನ್ ಶೇ 5 ಹೈಡ್ರೋಜನ್‌ನಲ್ಲಿ, ನಿಮಿಷಕ್ಕೆ 1 ಡಿಗ್ರಿಯಂತೆ 250ರವರೆಗೆ. ಶುದ್ಧ ಹೈಡ್ರೋಜನ್ ಬಿಟ್ಟರೆ ರಿಡಕ್ಷನ್‌ನ ಶಾಖಕ್ಕೇ ತಾಮ್ರ ಗಂಟುಕಟ್ಟಿ ಕೆಲಸ ಮುಗಿದಂತೆ.

ಹೈಡ್ರೋಕಾರ್ಬನ್ ನೇರವಾಗಿ ಬೇಕೆನ್ನುವವರಿಗೆ ಕಬ್ಬಿಣವೇ ದಾರಿ, ಅಲ್ಲಿ ಈ ರಿಗ್ ತನ್ನ ಬೆಲೆ ತೋರಿಸುತ್ತದೆ. 300ರಿಂದ 320 ಡಿಗ್ರಿ, 20ರಿಂದ 30 ಬಾರ್, ಹೈಡ್ರೋಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ಮೂರಕ್ಕೊಂದು. ಪೊಟ್ಯಾಸಿಯಂ ಅಥವಾ ಸೋಡಿಯಂ ಸ್ವಲ್ಪ ಸೇರಿಸಿದರೆ ಮೇಲ್ಮೈಯಲ್ಲಿ ಹೈಡ್ರೋಜನ್ ಹಿಡಿತ ಸಡಿಲಾಗಿ ಮೀಥೇನ್ ಕಡಿಮೆಯಾಗುತ್ತದೆ, ಓಲೆಫಿನ್ (ಎಥಿಲೀನ್‌ನಂಥ ಹೈಡ್ರೋಕಾರ್ಬನ್) ಹೆಚ್ಚುತ್ತದೆ. ಕಬ್ಬಿಣ ಮೊದಲ ಹತ್ತಿಪ್ಪತ್ತು ಗಂಟೆ ತನ್ನನ್ನು ತಾನೇ ಕಾರ್ಬೈಡ್ ಮಾಡಿಕೊಳ್ಳುತ್ತಿರುತ್ತದೆ, ಆ ಹೊತ್ತಿನ ಅಂಕಿ ಲೆಕ್ಕಕ್ಕಿಲ್ಲ. ಸರಪಳಿ ಹೇಗೆಂದರೆ ಹಾಗೆ ಬೆಳೆಯುವುದರಿಂದ ಕಬ್ಬಿಣ ಒಂದರಿಂದಲೇ ಪೆಟ್ರೋಲ್ ಶ್ರೇಣಿಯ ಪಾಲು ಶೇ 48ರ ಸುತ್ತ ನಿಂತುಬಿಡುತ್ತದೆ. ಅದನ್ನು ದಾಟಲು ಜಿಯೋಲೈಟ್ (ಸೂಕ್ಷ್ಮ ರಂಧ್ರಗಳ, ಆಮ್ಲ ಗುಣದ ಹರಳು) ಬೇಕು. 2017ರಲ್ಲಿ ಚೀನಾದ ಡಾಲಿಯನ್‌ನ ಸಂಶೋಧಕರು ಸೋಡಿಯಂ ಸೇರಿಸಿದ ಕಬ್ಬಿಣದ ಆಕ್ಸೈಡ್ ಜೊತೆ ಎಚ್‌ಜಡ್‌ಎಸ್‌ಎಂ-5 ಜಿಯೋಲೈಟ್ ಬಳಸಿ, 320 ಡಿಗ್ರಿ, 30 ಬಾರ್‌ನಲ್ಲಿ, ಶೇ 22 ಪರಿವರ್ತನೆಯೊಂದಿಗೆ ಹೈಡ್ರೋಕಾರ್ಬನ್‌ಗಳಲ್ಲಿ ಶೇ 78ರಷ್ಟು ಪೆಟ್ರೋಲ್ ಶ್ರೇಣಿ ತೋರಿಸಿದರು. ಆ ಪರಿಸ್ಥಿತಿಗಳೆಲ್ಲ ಈ ರಿಗ್‌ನ ಮಿತಿಯೊಳಗೇ ಇವೆ. ಎರಡನ್ನೂ ಒಂದೇ ಗುಂಡುಕಲ್ಲಿನಲ್ಲಿ ನುಣ್ಣಗೆ ಅರೆದು ಬೆರೆಸಬೇಡಿ. ಕಬ್ಬಿಣದ ಜೊತೆಗಿರುವ ಸೋಡಿಯಂ, ಜಿಯೋಲೈಟಿನ ಆಮ್ಲ ತಾಣಗಳಿಗೆ ಸರಿದು ಎರಡೂ ಕೆಡುತ್ತವೆ. ಬೇರೆಬೇರೆ ಹರಳು ಮಾಡಿ ಜರಡಿ ಹಿಡಿದು ಆಮೇಲೆ ಕಲಸಿ.

ಡಿಸ್ಟಿಲರಿಯ ಗ್ಯಾಸನ್ನು ನೇರ ಹಚ್ಚುವ ಆಸೆ ಈ ಭಾಗದವರಿಗೆ ಸಹಜ. ಅದರಲ್ಲಿ ನೀರಾವಿ, ಎಥನಾಲ್, ಅಸಿಟಾಲ್ಡಿಹೈಡ್, ಜೊತೆಗೆ ಅಲ್ಪಸ್ವಲ್ಪ ಗಂಧಕದ ಸಂಯುಕ್ತಗಳಿರುತ್ತವೆ. ನೀರಿನಲ್ಲಿ ತೊಳೆದು, ಒಣಗಿಸಿ, ಆ್ಯಕ್ಟಿವೇಟೆಡ್ ಕಾರ್ಬನ್ ದಾಟಿಸಿ, ಕೊನೆಗೆ 300 ಡಿಗ್ರಿ ಮೇಲಿನ ಸತುವಿನ ಆಕ್ಸೈಡ್ ಬೆಡ್ ಹಾಯಿಸಬೇಕು. ರಿಗ್‌ನಲ್ಲಿ ಅದಕ್ಕೆ ಜಾಗ ಬಿಟ್ಟಿಲ್ಲ, ಕೇಳಿ ಮಾಡಿಸಿಕೊಳ್ಳಬೇಕು. ಸಿಲಿಂಡರ್ ಬಳಸುವವರಿಗೆ ಇನ್ನೊಂದು ಮಾತು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ಗೇಜು ದ್ರವ ಇರುವವರೆಗೆ 25 ಡಿಗ್ರಿಯಲ್ಲಿ 64 ಬಾರ್ ತೋರಿಸುತ್ತಲೇ ಇರುತ್ತದೆ, ಎಷ್ಟು ಉಳಿದಿದೆ ಎಂದು ತೂಕ ಮಾಡಿಯೇ ತಿಳಿಯಬೇಕು. ವಿಜಯಪುರದ ಏಪ್ರಿಲ್ ಬಿಸಿಲಿಗೆ 31 ಡಿಗ್ರಿ ದಾಟಿದರೆ ಒಳಗೆ ದ್ರವ ಎಂಬುದೇ ಉಳಿಯದೆ ಒತ್ತಡ ಏರುತ್ತ ಹೋಗುತ್ತದೆ. ನೆರಳಿನಲ್ಲಿಡಿ.

ಸುರಕ್ಷತೆಯಲ್ಲಿ ವರ್ಕ್‌ಶಾಪ್‌ನವರಿಗೆ ಗೊತ್ತಿರದ, ಬಳಸುವವರು ಗೊತ್ತಿರಲೇಬೇಕಾದ ಸಂಗತಿ ನಿಕಲ್ ಕಾರ್ಬೊನಿಲ್ ಎಂಬ ವಿಷ. ನಿಕಲ್ ಬೆಡ್ 200 ಡಿಗ್ರಿಗಿಂತ ಕೆಳಗೆ ತಣಿಯುವಾಗ ಕಾರ್ಬನ್ ಮಾನಾಕ್ಸೈಡ್ ತಗುಲಿದರೆ ಅದು ಹುಟ್ಟಬಹುದು, ಗಾಳಿಯಲ್ಲಿ ಅತ್ಯಲ್ಪ ಇದ್ದರೂ ಪ್ರಾಣಕ್ಕೆ ಎರವು. 250 ಡಿಗ್ರಿಯಲ್ಲೇ ನೈಟ್ರೋಜನ್‌ಗೆ ಬದಲಾಯಿಸಿ, ಲೈನು ಪೂರ್ತಿ ತೊಳೆದ ಮೇಲೆಯೇ ತಣಿಸಿ. ರಿಗ್‌ನ ಎಕ್ಸಾಸ್ಟ್ ಕೊಳವೆ ಫ್ರೇಮಿನ ಹಿಂದೆಯೇ ಮುಗಿಯುತ್ತದೆ, ಅದನ್ನು ಕಟ್ಟಡದ ಹೊರಗೆ ಒಯ್ಯುವುದು ನಿಮ್ಮ ಕೆಲಸ. ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಡಿಟೆಕ್ಟರ್ ಎರಡೂ ಬೇಕು, ಹೈಡ್ರೋಜನ್‌ನದು ಚಾವಣಿಯ ಹತ್ತಿರ. ಬಳಸಿದ ಕಬ್ಬಿಣ, ನಿಕಲ್, ತಾಮ್ರ ಗಾಳಿ ತಗುಲಿದೊಡನೆ ಕಿಡಿ ಹಿಡಿಯಬಲ್ಲವು, ಟ್ಯೂಬು ಬಿಚ್ಚುವ ಮೊದಲು ಶೇ 1 ಆಕ್ಸಿಜನ್ ಬೆರೆತ ನೈಟ್ರೋಜನ್ ಹಾಯಿಸಿ.

ಕರೆಂಟ್ ಹೋದಾಗ ಏನಾಗುತ್ತದೆ ಎಂಬುದಕ್ಕೆ ಈ ರಿಗ್‌ನಲ್ಲಿ ಉತ್ತರವಿಲ್ಲ. ಹೈಡ್ರೋಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ಲೈನಿಗೆ ಕರೆಂಟ್ ಹೋದರೆ ಮುಚ್ಚಿಕೊಳ್ಳುವ ಸೊಲೆನಾಯ್ಡ್ (ವಿದ್ಯುತ್ ವಾಲ್ವು), ನೈಟ್ರೋಜನ್ ಲೈನಿಗೆ ತೆರೆದುಕೊಳ್ಳುವ ಸೊಲೆನಾಯ್ಡ್ ಹಾಕಿಸಿ. ಫರ್ನೇಸಿಗೆ ಯುಪಿಎಸ್ ಬೇಡ. ಕಂಟ್ರೋಲರ್, ಡಿಟೆಕ್ಟರ್‌ಗಳಿಗೆ ಬೇಕೇ ಬೇಕು.

ಕಾಪರ್ ಎಲೆಕ್ಟ್ರೋಡ್ ಮೇಲೆ ವಿದ್ಯುತ್ತಿನಿಂದ ಎಥಿಲೀನ್ ಮಾಡುವ ದಾರಿ ಹಿಡಿದವರಿಗೆ ಈ ರಿಗ್ ಏನೂ ಉಪಯೋಗವಿಲ್ಲ, ಅದರ ಸೆಲ್ಲೇ ಬೇರೆ. ಉಳಿದವರಿಗೆ ಮಾರಾಟದ ನಂತರದ ಸೇವೆಯೇ ಇಲ್ಲಿಯ ದೊಡ್ಡ ಲಾಭ. ದೂರದ ಕಂಪನಿಯಾದರೆ ಒಂದು ಎಂಡ್ ಪ್ಲಗ್ಗಿಗೆ ವಾರಗಟ್ಟಲೆ ಕಾಯಬೇಕು, ಇಲ್ಲಿ ಡ್ರಾಯಿಂಗ್ ಅವರ ಬಳಿಯೇ ಇರುತ್ತದೆ, ಲೇಥ್ ಖಾಲಿಯಾದ ಕೂಡಲೇ ತಿರುಗಿಸಿ ಕೊಡುತ್ತಾರೆ. ಆರ್ಡರ್ ಕೊಡುವಾಗಲೇ ಒಂದೇ ಹೀಟ್ ನಂಬರಿನ (ಒಂದೇ ಸಲ ಕರಗಿಸಿದ) ಸ್ಟೀಲಿನಲ್ಲಿ ಎರಡು ರಿಯಾಕ್ಟರ್ ಟ್ಯೂಬು ಮಾಡಿಸಿ, ಎರಡರ ಮೇಲೂ ಗುರುತು ಕೆತ್ತಿಸಿ. ಒಂದು ನಿಕಲ್‌ಗೆ ಮಾತ್ರ, ಇನ್ನೊಂದು ತಾಮ್ರ ಮತ್ತು ಕಬ್ಬಿಣಕ್ಕೆ. ನಿಕಲ್ ನಡೆದ ಟ್ಯೂಬಿನಲ್ಲಿ ಕಬ್ಬಿಣ ಹಾಕಿದರೆ ಗೋಡೆಗೆ ಅಂಟಿದ ನಿಕಲ್ ಕೊಡುವ ಮೀಥೇನ್, ಕಬ್ಬಿಣದ ಖಾತೆಗೆ ಜಮಾ ಆಗುತ್ತದೆ.